ಡೊಂಬಿವಲಿಯಿಂದ ಡೊಂಬಿವಲಿಗೆ, ಎ.ಸಿ. ರಿಪೇರಿಯ ದಾರಿಯಲ್ಲಿ

ಎರಡು ವರ್ಷದಲ್ಲಿ ನಮ್ಮ ಮನೆಯ ಎ.ಸಿ.ಗೆ ಮೂರು ಸಲ ಗ್ಯಾಸ್ ತುಂಬಿಸಿದ್ದೇನೆ. ಪ್ರತಿ ಸಲವೂ ಮೂರು ಸಾವಿರದ ಆಸುಪಾಸು. ಪ್ರತಿ ಸಲವೂ ಬಂದವನು ಔಟ್‌ಡೋರಿಗೆ ಗೇಜು ಸಿಕ್ಕಿಸಿ, ಅದರ ಮುಳ್ಳು ತೋರಿಸಿ, "ಸಾಬ್, ಗ್ಯಾಸ್ ಖತಮ್" ಅಂದ. ನಾನೂ ತಲೆಯಾಡಿಸಿದೆ. ಸ್ಕೂಟರಿಗೆ ಪೆಟ್ರೋಲು ಮುಗಿಯುವ ಹಾಗೆ ಎ.ಸಿ.ಗೆ ಗ್ಯಾಸು ಮುಗಿಯುತ್ತದೆ ಎಂದು, ಎಂಸಿಎ ಓದಿ ಹದಿನಾಲ್ಕು ವರ್ಷ ಸರ್ವರುಗಳನ್ನು ನೋಡಿಕೊಂಡಿರುವ ನಾನು ನಂಬಿದ್ದೆ.

ನಮ್ಮದು ಡೊಂಬಿವಲಿ ಪೂರ್ವ, ಏಳನೇ ಮಹಡಿ. ಅಪ್ಪ ಹೋದ ಮೇಲೆ ಅಮ್ಮ ಕುಂದಾಪುರದ ಕಡೆಯ ಊರು ಬಿಟ್ಟು ನಮ್ಮ ಜೊತೆ ಬಂದಿದ್ದಾಳೆ. 68 ವರ್ಷ, ದಮ್ಮಿನ ತೊಂದರೆ. ಊರಿನಲ್ಲಿ ಎ.ಸಿ. ಅಂದರೆ ಮದುವೆ ಹಾಲಿನಲ್ಲಿ ಮಾತ್ರ ಕಂಡವಳು. ಇಲ್ಲಿಗೆ ಬಂದ ಮೊದಲ ಬೇಸಿಗೆಯಲ್ಲಿ "ಕಿಟಕಿ ತೆಗೆದಿಟ್ರೆ ಸಾಕಲ್ದಾ?" ಎಂದು ಕೇಳಿದ್ದಳು. ಸಾಕಾಗುವುದಿಲ್ಲ. ಡೊಂಬಿವಲಿ ಪೂರ್ವದವರಿಗೆ ಕಾರಣ ಹೇಳಬೇಕಾಗಿಲ್ಲ. ರಾತ್ರಿ ಹನ್ನೊಂದರ ಮೇಲೆ ಎಂಐಡಿಸಿ ಕಡೆಯಿಂದ ಬರುವ ವಾಸನೆ ಒಂದೊಂದು ದಿನ ಒಂದೊಂದು ತರಹ. 2014ರಲ್ಲಿ ಇಲ್ಲಿ ಹಸಿರು ಮಳೆ ಬಿದ್ದು ಪೇಪರಿನಲ್ಲಿ ಬಂತು, 2020ರಲ್ಲಿ ಒಂದು ರಸ್ತೆಯೇ ಗುಲಾಬಿ ಬಣ್ಣಕ್ಕೆ ತಿರುಗಿ ಆಗಿನ ಮುಖ್ಯಮಂತ್ರಿಗಳೇ ನೋಡಲು ಬಂದರು. 2016ರ ಮೇ ತಿಂಗಳಲ್ಲೊಮ್ಮೆ, 2024ರ ಮೇ 23ರಂದು ಮತ್ತೊಮ್ಮೆ ಕಾರ್ಖಾನೆಗಳು ಸ್ಫೋಟಿಸಿ ಸುತ್ತಲಿನ ಮನೆಗಳ ಗಾಜು ಪುಡಿಯಾಯಿತು. ಹಾಗಾಗಿ ನಮ್ಮಲ್ಲಿ ಎ.ಸಿ. ಇರುವುದು ತಂಪಿಗಿಂತ ಹೆಚ್ಚಾಗಿ, ಕಿಟಕಿ ಮುಚ್ಚಿ ಮಲಗಬೇಕಾಗಿರುವುದರಿಂದ. ಅಮ್ಮನ ಕೋಣೆಯ ಎ.ಸಿ. ನಿಂತರೆ ಆ ರಾತ್ರಿ ಮನೆಯಲ್ಲಿ ಯಾರಿಗೂ ನಿದ್ದೆ ಇಲ್ಲ.

ನಾಲ್ಕನೇ ಸಲ ತಂಪು ಕಡಿಮೆಯಾದಾಗ ಸ್ಟೇಷನ್ ಹತ್ತಿರದ ನಮ್ಮೂರಿನವರ ಹೋಟೆಲಿನಲ್ಲಿ, ಗಲ್ಲೆಯಲ್ಲಿ ಕೂರುವವರ ಹತ್ತಿರ ಗೋಳು ಹೇಳಿಕೊಂಡೆ. "ನಮ್ಮ ಡೀಪ್ ಫ್ರೀಜರ್ ಮಾಡಿದ ಹುಡುಗ ಇದ್ದಾನೆ, ಕನ್ನಡದವನೇ" ಎಂದು ನಂಬರು ಕೊಟ್ಟರು.

ಹುಡುಗ ಬಂದ. ಇಪ್ಪತ್ನಾಲ್ಕು, ಇಪ್ಪತ್ತೈದು ಇರಬಹುದು. ಅಪ್ಪ ಅಮ್ಮ ಕಲಬುರ್ಗಿ ಜಿಲ್ಲೆಯ ಆಳಂದ ಕಡೆಯಿಂದ ಬಂದವರು. ನವಿಮುಂಬಯಿಯ ಕಟ್ಟಡಗಳು ಏಳುತ್ತಿದ್ದ ಕಾಲಕ್ಕೆ ನಾಕಾದಲ್ಲಿ ನಿಂತು ಗಾರೆ ಕೆಲಸಕ್ಕೆ ಹೋಗುತ್ತಿದ್ದರಂತೆ, ಅಪ್ಪ ಈಗಲೂ ಹೋಗುತ್ತಾನೆ. ಇವನು ಹುಟ್ಟಿದ್ದು ಬೆಳೆದದ್ದು ಘನ್ಸೋಲಿಯಲ್ಲಿ. ಐಟಿಐಯಲ್ಲಿ ರೆಫ್ರಿಜರೇಷನ್ ಕಲಿತಿದ್ದಾನೆ. ಕನ್ನಡ ಮನೆಯದ್ದು, ಓದಲು ಬರೆಯಲು ಬಾರದು. ಸಿಲಿಂಡರ್ ತಂದಿರಲಿಲ್ಲ. ನಾನು ಅದನ್ನೇ ಮೊದಲು ಕೇಳಿದೆ.

"ಸರ, ಗ್ಯಾಸು ಎಲ್ಲಿಗಿ ಹೋಗ್ತದರಿ? ಬಂದ್ ಪೈಪಿನಾಗ ತಿರಗತಿರ್ತದ. ಕಮ್ಮಿ ಆಗ್ಯದ ಅಂದ್ರ ಎಲ್ಲೋ ತೂತು ಅದ ಅಂತ್ರಿ. ತೂತು ಬಿಟ್ಟು ಗ್ಯಾಸ್ ತುಂಬಿದ್ರ ಒಡದ ಕೊಡಕ್ಕ ನೀರ ಹಾಕ್ದಂಗ."

ಮೂರು ಸಲ ಒಂಬತ್ತು ಸಾವಿರ ಕೊಟ್ಟವನಿಗೆ ಈ ಮಾತು ಹಿತವಾಗಿ ಕೇಳಲಿಲ್ಲ.

ಮೊದಲು ಜಾಲಿ ಬಿಚ್ಚಿ ನೋಡಿದ, ಅದು ಸ್ವಚ್ಛವಿತ್ತು. ಜಾಲಿಯಲ್ಲಿ ಧೂಳು ಕಟ್ಟಿದರೂ ಗಾಳಿ ಓಡದೆ ಕಾಯಿಲಿನ ಮೇಲೆ ಐಸು ಕೂರುತ್ತದೆ, ಗ್ಯಾಸು ಕಮ್ಮಿಯಾದರೂ ಐಸು ಕೂರುತ್ತದೆ, ನೋಡಲು ಎರಡೂ ಒಂದೇ. ಜಾಲಿ ತೊಳೆದರೆ ಹೋಗುವ ಐಸಿಗೆ ಎಷ್ಟು ಮನೆಗಳಲ್ಲಿ ಗ್ಯಾಸಿನ ದುಡ್ಡು ಕೊಟ್ಟಿದ್ದಾರೋ. ಆಮೇಲೆ ಪೈಪಿನ ಜೋಡಣೆಗಳಿಗೆ ಸೋಪು ನೀರು ಹಚ್ಚಿದ, ಗುಳ್ಳೆ ಬರಲಿಲ್ಲ. ಉಳಿದ ಗ್ಯಾಸು ತೆಗೆದು, ಪೈಪಿನೊಳಗೆ ಒತ್ತಡದಲ್ಲಿ ನೈಟ್ರೋಜನ್ ತುಂಬಿಸಿ, ಗೇಜನ್ನು ಹಾಗೇ ಬಿಟ್ಟು ಹೋದ. ಬೆಳಿಗ್ಗೆ ಮುಳ್ಳು ಇಳಿದಿತ್ತು. ತೂತು ಸಿಕ್ಕಿದ್ದು ಒಳಗಿನ ಕಾಯಿಲಿನ ಒಂದು ತಿರುವಿನಲ್ಲಿ. ಕಣ್ಣಿಗೆ ಕಾಣುವಂಥದ್ದಲ್ಲ. ಆದರೆ ತಾಮ್ರದ ಬಣ್ಣ ಮಾತ್ರ ಯಾರಿಗಾದರೂ ಕಾಣುವಂತಿತ್ತು: ಹಬ್ಬಕ್ಕೆ ತಿಕ್ಕದೆ ಬಿಟ್ಟ ಹಂಡೆಯ ಹಾಗೆ ಕಪ್ಪು.

ತಾಮ್ರ ಕಪ್ಪಾಗುವುದನ್ನು ನಾನು ನಿತ್ಯ ಆಫೀಸಿನಲ್ಲಿ ನೋಡುತ್ತೇನೆ. ಸರ್ವರ್ ಹಾಲುಗಳಲ್ಲಿ ತಾಮ್ರ, ಬೆಳ್ಳಿಯ ಪುಟ್ಟ ಪಟ್ಟಿಗಳನ್ನು ಒಂದು ತಿಂಗಳು ತೂಗುಹಾಕಿ, ಮೇಲೆ ಎಷ್ಟು ಕಿಲುಬು ಕಟ್ಟಿದೆ ಎಂದು ಅಳೆಸುತ್ತಾರೆ. ಅಮೆರಿಕದ ಆಶ್ರೇ ಸಂಸ್ಥೆಯ ಪ್ರಕಾರ ತಾಮ್ರಕ್ಕೆ ತಿಂಗಳಿಗೆ 300 ಆಂಗ್‌ಸ್ಟ್ರಾಮ್, ಬೆಳ್ಳಿಗೆ 200 ಮೀರಬಾರದು. ಮೀರಿದರೆ ಗಾಳಿಯಲ್ಲಿ ಗಂಧಕದ ಅನಿಲ ಇದೆ ಎಂದರ್ಥ, ಸರ್ಕ್ಯೂಟ್ ಬೋರ್ಡುಗಳು ಸಾಯುತ್ತವೆ, ಕೂಡಲೇ ಫಿಲ್ಟರು ಬದಲಿಸುತ್ತೇವೆ. ಅದೇ ಗಾಳಿ ನಮ್ಮ ಅಮ್ಮನ ಕೋಣೆಯಲ್ಲಿ ಎರಡು ವರ್ಷದಿಂದ ತಾಮ್ರವನ್ನು ತಿಂದಿದೆ. ಅಲ್ಲಿ ಪಟ್ಟಿ ತೂಗುಹಾಕಿದವರು ಯಾರೂ ಇಲ್ಲ.

ಕಾಯಿಲು ಬದಲಿಸುವ ದಿನ ನಡೆದದ್ದನ್ನು ಇಲ್ಲಿ ಹೇಳಲೇಬೇಕು. ಔಟ್‌ಡೋರು ಇರುವುದು ಕಿಟಕಿಯ ಹೊರಗೆ, ಗೋಡೆಗೆ ಹೊಡೆದ ಎರಡು ಕಬ್ಬಿಣದ ಕೋನಗಳ ಮೇಲೆ. ನಾನು ಹಾಲಿನಲ್ಲಿ ಆಫೀಸಿನ ಕಾಲ್‌ನಲ್ಲಿದ್ದೆ. ಮ್ಯೂಟ್ ಮಾಡಿ ಒಳಗೆ ಇಣುಕಿ, "ಎಷ್ಟು ಹೊತ್ತಾಗುತ್ತೆ?" ಎಂದು ಕೇಳಲು ಹೋದರೆ, ಹುಡುಗ ಗ್ರಿಲ್ಲಿನ ಬಾಗಿಲಿನಿಂದ ಹೊರಗೆ ಹೋಗಿ ಸಜ್ಜದ ಮೇಲೆ ಒಂದು ಕಾಲು, ಔಟ್‌ಡೋರಿನ ಮೇಲೆ ಒಂದು ಕಾಲು ಇಟ್ಟು ನಿಂತಿದ್ದ. ಒಳಗಿನಿಂದ ಅಮ್ಮ ಎರಡು ಕೈಯಲ್ಲಿ ಅವನ ಅಂಗಿ ಹಿಡಿದುಕೊಂಡಿದ್ದಳು. ನಾನು "ಎಷ್ಟು ಹೊತ್ತು?" ಎಂದೇ ಕೇಳಿದೆ. "ಹತ್ತು ನಿಮಿಷರಿ" ಅಂದ. ಕಾಲ್‌ಗೆ ವಾಪಸ್ ಹೋದೆ.

ರಾತ್ರಿ ಊಟದ ಹೊತ್ತಿಗೆ ಅಮ್ಮ, "ಬಿದ್ರೆ ಎಂತ ಗತಿ? ಅದ್ಕೇ ಅಂಗಿ ಹಿಡ್ಕಂಡೆ" ಅಂದಳು. ಅಂಗಿ ಹಿಡಿದರೆ ಏನೂ ಆಗುವುದಿಲ್ಲ ಎಂದು ಅವಳಿಗೂ ಗೊತ್ತು.

ಎ.ಸಿ. ಅಲ್ಲಿಂದೀಚೆಗೆ ಸರಿಯಾಗಿದೆ. ನಾನು ಹುಡುಗನ ನಂಬರನ್ನು ಕಲ್ಯಾಣದ ಚಿಕ್ಕಮ್ಮನಿಗೆ, ಐರೋಲಿಯ ಸಹೋದ್ಯೋಗಿಗೆ, ಥಾಣೆಯ ಬಾವನಿಗೆ ಕಳಿಸಿದೆ. ಮೂವರದ್ದೂ ಒಂದೇ ಮಾತು: ಗೊತ್ತಿಲ್ಲದ ಹುಡುಗನನ್ನು ಮನೆಯೊಳಗೆ ಹೇಗೆ ಬಿಡುವುದು, ನೀನೂ ಬಾ. ಹುಡುಗನದ್ದೂ ಅದೇ: "ನೀವ್ ಬಂದ್ರ ವಾಚ್‌ಮನ್ ಕಿರಿಕಿರಿ ಇರಂಗಿಲ್ರಿ." ಹೀಗೆ ಏಪ್ರಿಲಿನ ಒಂದು ಶನಿವಾರ ಅವನ ಸ್ಕೂಟರಿನ ಹಿಂದೆ ಕುಳಿತೆ. ಅವನ ಕಾಲಬುಡದಲ್ಲಿ ವ್ಯಾಕ್ಯೂಮ್ ಪಂಪು, ನನ್ನ ತೊಡೆಯ ಮೇಲೆ ನೀರು ಹೊಡೆಯುವ ಜೆಟ್ ಮಷಿನು. ಹನ್ನೆರಡು ವರ್ಷದಿಂದ ಈ ಕಡೆ ಇದ್ದೇನೆ, ಆದರೆ ಲೋಕಲಿನ ಕಂಬಿಗಳ ನಡುವಿನಿಂದಲ್ಲದೆ ಈ ನಾಲ್ಕು ಊರುಗಳನ್ನು ಒಂದೇ ದಿನ ನೋಡಿದ್ದು ಅದೇ ಮೊದಲು.

ಠಾಕುರ್ಲಿ ದಾಟಿ ಪತ್ರಿಪೂಲ್ ಏರುವಾಗಲೇ ಬಿಸಿ ಬೇರೆಯಾಗುತ್ತದೆ. ಮುಂಬಯಿಯವರು ಹವಾಮಾನ ಅಂದರೆ ಕೊಲಾಬಾದ ಅಂಕಿ ಹೇಳುತ್ತಾರೆ. ಅಲ್ಲಿ 34 ಇರುವ ದಿನ ಕಲ್ಯಾಣ, ಬದ್ಲಾಪುರದ ಕಡೆ 40 ದಾಟುವುದುಂಟು, ಏಕೆಂದರೆ ಸಮುದ್ರದ ಗಾಳಿ ಇಲ್ಲಿಗೆ ತಲುಪುವುದು ತಡ, ತಲುಪಿದಾಗ ಅದರಲ್ಲಿ ತಂಪಿಗಿಂತ ತೇವವೇ ಜಾಸ್ತಿ. ಚಿಕ್ಕಮ್ಮನ ಮನೆ ಕಲ್ಯಾಣ ಪಶ್ಚಿಮದ ಹಳೆಯ ಬಿಲ್ಡಿಂಗಿನಲ್ಲಿ, ಎರಡನೇ ಮಹಡಿ. ಅಲ್ಲಿ ಎ.ಸಿ.ಯಿಂದ ಗೋಡೆಯ ಮೇಲೆ ನೀರು ಇಳಿದು ಚಿಕ್ಕಪ್ಪನ ಫೋಟೋದ ಕೆಳಗೆ ಬಕೆಟ್ ಇಟ್ಟಿದ್ದರು. "ಗ್ಯಾಸ್ ಖಾಲಿ ಆಯ್ತ್ ಅಂಬ್ರ್" ಎಂದಳು ಚಿಕ್ಕಮ್ಮ. ಹುಡುಗ ನಕ್ಕ. ನನಗೂ ಈಗ ನಗುವ ಅಧಿಕಾರವಿತ್ತು.

ಒಳಗಿನ ಗಾಳಿಯಲ್ಲಿರುವ ತೇವ ತಣ್ಣನೆಯ ಕಾಯಿಲಿಗೆ ತಾಗಿ ನೀರಾಗುತ್ತದೆ. ತಣ್ಣನೆಯ ಮಜ್ಜಿಗೆ ಲೋಟದ ಹೊರಗೆ ಬೆವರುವ ಹಾಗೆ. ನಮ್ಮ ಕಡೆಯ ಸೆಖೆಯಲ್ಲಿ ಒಂದು ರಾತ್ರಿಗೆ ಬಕೆಟ್ ತುಂಬಿದರೂ ಆಶ್ಚರ್ಯವಿಲ್ಲ. ಆ ನೀರು ಟ್ರೇಯಿಂದ ಸಣ್ಣ ಪೈಪಿನ ಮೂಲಕ ಹೊರಗೆ ಹೋಗಬೇಕು. ಹೋಗದಿದ್ದರೆ ಮನೆಯೊಳಗೆ ಬರುತ್ತದೆ, ಅಷ್ಟೇ. ಹುಡುಗ ಕಿಟಕಿಯ ಹೊರಗಿದ್ದ ಪೈಪಿನ ತುದಿಗೆ ತಂತಿ ಹಾಕಿ ಎಳೆದಾಗ ಹೊರಬಂದದ್ದು ಮಣ್ಣು. ಕಣಜದ ಹುಳ ಗೂಡು ಕಟ್ಟಿತ್ತು. ಜೆಟ್ಟಿನಿಂದ ಒಮ್ಮೆ ನೀರು ಹೊಡೆದ, ಕಪ್ಪು ಲೋಳೆಯೂ ಹೋಯಿತು. ತುದಿಗೆ ಹಳೇ ಸೊಳ್ಳೆ ಪರದೆಯ ತುಂಡು ಕಟ್ಟಿದ. ಕಾಲು ಗಂಟೆ. ಮುನ್ನೂರು ರೂಪಾಯಿ ಕೇಳಿದ. ಚಿಕ್ಕಮ್ಮ ಐನೂರು ಕೊಟ್ಟು, ಒಂದು ಡಬ್ಬಿಯಲ್ಲಿ ಹಪ್ಪಳವನ್ನೂ ಕೊಟ್ಟಳು. ನನಗೆ ಕೊಡಲಿಲ್ಲ.

ಹಪ್ಪಳದಿಂದ ನೆನಪಾಯಿತು. ಎ.ಸಿ. ಹುಟ್ಟಿದ್ದೇ ತೇವದ ಕಾರಣಕ್ಕೆ, ಮನುಷ್ಯರ ಸೆಖೆಗಲ್ಲ. 1902ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನ ಒಂದು ಮುದ್ರಣಾಲಯದಲ್ಲಿ ಬೇಸಿಗೆಯ ತೇವಕ್ಕೆ ಕಾಗದ ಹಿಗ್ಗಿ ಕುಗ್ಗಿ, ಒಂದರ ಮೇಲೊಂದು ಹಚ್ಚುವ ಬಣ್ಣಗಳು ಸರಿಯಾಗಿ ಕೂರುತ್ತಿರಲಿಲ್ಲ. ವಿಲ್ಲಿಸ್ ಕ್ಯಾರಿಯರ್ ಎಂಬ ಎಂಜಿನಿಯರು ಗಾಳಿಯ ತೇವ ಹಿಡಿತದಲ್ಲಿಡುವ ಯಂತ್ರ ರೂಪಿಸಿದ. ಮಳೆಗಾಲಕ್ಕೆ ಮುಂಚೆ ಡಬ್ಬಿಗೆ ಹಾಕದ ಹಪ್ಪಳ ಮೆತ್ತಗಾಗುವುದನ್ನು ಕಂಡ ಯಾವ ಅಜ್ಜಿಗೂ ಅವನ ಸಮಸ್ಯೆ ಅರ್ಥವಾಗುತ್ತಿತ್ತು. ಸಣ್ಣ ಕೋಣೆಗೆ ದೊಡ್ಡ ಎ.ಸಿ. ಹಾಕಿಸುವವರು ಮರೆಯುವುದೂ ಇದನ್ನೇ. ಹಳೆಯ ಮಾದರಿಯ ದೊಡ್ಡ ಮಷಿನು ಹತ್ತು ನಿಮಿಷಕ್ಕೆ ತಂಪು ಮಾಡಿ ನಿಂತುಬಿಡುತ್ತದೆ, ತೇವ ಹಾಗೇ ಉಳಿಯುತ್ತದೆ, ಮೈ ತಣ್ಣಗೆ ಅಂಟಂಟು. ಆಗ 18ಕ್ಕೆ ಇಳಿಸುತ್ತಾರೆ. 2020ರಿಂದ ಹೊಸ ಎ.ಸಿ.ಗಳನ್ನು ಹಚ್ಚಿದ ಕೂಡಲೇ 24 ತೋರಿಸುವಂತೆ ಸರ್ಕಾರ ನಿಯಮ ಮಾಡಿದ್ದು ಸುಮ್ಮನೆ ಅಲ್ಲ. 25ರಲ್ಲಿ ಇಟ್ಟು ಸಣ್ಣದಾಗಿ ಫ್ಯಾನು ಹಾಕಿದರೆ ನಮ್ಮ ಅಮ್ಮ ಕಂಬಳಿ ಕೇಳುತ್ತಾಳೆ.

ಕಲ್ಯಾಣದಲ್ಲೇ ಒಂದು ಅಂಗಡಿಯಲ್ಲಿ ಕೆಪಾಸಿಟರ್ ತೆಗೆದುಕೊಂಡ. ಪಕ್ಕದ ಉಲ್ಲಾಸ್‌ನಗರದಲ್ಲಿ ಇದೇ ಇನ್ನೂ ಅಗ್ಗಕ್ಕೆ ಸಿಗುತ್ತದಲ್ಲ ಎಂದೆ. ಯುಎಸ್‌ಎ ಅಂದರೆ ಉಲ್ಲಾಸ್‌ನಗರ ಸಿಂಧಿ ಅಸೋಸಿಯೇಷನ್ ಎಂಬ ಹಳೇ ಜೋಕು ಅವನಿಗೂ ಗೊತ್ತಿತ್ತು. "ಅಗ್ಗದ್ದು ಒಯ್ದ್ರ ಮುಂದಿನ ಬ್ಯಾಸಗಿಗಿ ನಾನೇ ಮತ್ತ ಬರಬೇಕಲ್ರಿ" ಅಂದ. ಕೆಪಾಸಿಟರ್ ಅಂದರೆ ಅಂಗೈಯಗಲದ ಡಬ್ಬಿ, ಕಂಪ್ರೆಸರು ಎದ್ದು ಓಡಲು ಅದರ ನೆರವು ಬೇಕು. ಇನ್ವರ್ಟರ್ ಅಲ್ಲದ ಹಳೆಯ ಎ.ಸಿ.ಯಲ್ಲಿ ಹೊರಗಿನ ಫ್ಯಾನು ತಿರುಗುತ್ತಿದೆ, ಒಳಗೆ ಬರೀ ಗಾಳಿ, ಔಟ್‌ಡೋರು ಒಮ್ಮೆ "ಹ್ಞೂಂ" ಎಂದು ಗೊಣಗಿ ಟಕ್ ಎಂದು ಸುಮ್ಮನಾಗುತ್ತದೆ ಎಂದರೆ ಮೊದಲು ನೋಡಬೇಕಾದ್ದು ಇದನ್ನು. ಕೆಲವು ನೂರು ರೂಪಾಯಿಯ ಸಾಮಾನು. ಕಂಪ್ರೆಸರೇ ಹೋಗಿದೆ ಎಂದು ಹೇಳಿ ಹತ್ತು ಹದಿನೈದು ಸಾವಿರ ಮಾಡುವವರೂ ಇದ್ದಾರೆ. ನೀವೇ ಬಿಚ್ಚಲು ಹೋಗಬೇಡಿ, ಸ್ವಿಚ್ಚು ತೆಗೆದ ಮೇಲೂ ಅದರಲ್ಲಿ ಕರೆಂಟು ಉಳಿದಿರುತ್ತದೆ. ಇನ್ವರ್ಟರ್ ಎ.ಸಿ. ಆದರೆ ಸಮಸ್ಯೆ ಹೆಚ್ಚಾಗಿ ಸರ್ಕ್ಯೂಟ್ ಬೋರ್ಡಿನದ್ದು, ಅದಕ್ಕೆ ಕಾರಣ ಎಷ್ಟೋ ಸಲ ಬೆಚ್ಚಗಿದೆ ಎಂದು ಒಳಗೆ ಹೋದ ಹಲ್ಲಿ. ಹಲ್ಲಿ ಬಿದ್ದರೆ ಏನು ಫಲ ಎಂದು ಪಂಚಾಂಗದಲ್ಲಿದೆ. ಬೋರ್ಡಿನ ಮೇಲೆ ಬಿದ್ದರೆ ಆರು ಸಾವಿರ.

ಕಲ್ಯಾಣ್-ಶೀಳ್ ರಸ್ತೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮೆಟ್ರೋ ಕಂಬಗಳು, ಧೂಳು, ಕಾಟೈ ನಾಕಾದಲ್ಲಿ ಇಪ್ಪತ್ತು ನಿಮಿಷ. ಶೀಳ್‌ಫಾಟಾ ದಾಟಿ ಮಹಾಪೆ ಗುಡ್ಡ ಇಳಿದರೆ ನವಿಮುಂಬಯಿ. ಹುಡುಗ ಒಂದು ಕಡೆ ಕೈ ತೋರಿಸಿ, ಆ ಬಿಲ್ಡಿಂಗಿಗೆ ನಮ್ಮಪ್ಪ ಇಟ್ಟಂಗಿ ಹೊತ್ತಾನ್ರಿ ಅಂದ. ಯಾವ ಬಿಲ್ಡಿಂಗು ಎಂದು ತಿರುಗುವಷ್ಟರಲ್ಲಿ ಮುಂದೆ ಬಂದಿದ್ದೆವು.

ಐರೋಲಿಯ ಸಹೋದ್ಯೋಗಿ ದಾವಣಗೆರೆಯವನು, ಖಾಡಿಯ ಕಡೆಗೆ ಮುಖ ಮಾಡಿದ ಬಾಡಿಗೆ ಮನೆ. ಕಿಟಕಿಯಿಂದ ಕಾಂಡ್ಲಾ ಕಾಡು, ಅದರಾಚೆ ಕೆಸರು, ನೀರು ಇಳಿದಾಗ ಚಳಿಗಾಲದಲ್ಲಿ ಗುಲಾಬಿ ಗೆರೆಯ ಹಾಗೆ ರಾಜಹಂಸಗಳು. 2015ರಲ್ಲಿ ಈ ಖಾಡಿ ಫ್ಲೆಮಿಂಗೊ ಅಭಯಾರಣ್ಯವಾಯಿತು, 2022ರಲ್ಲಿ ರಾಮ್‌ಸರ್ ಪಟ್ಟಿಗೂ ಸೇರಿತು. ಅವನ ದೂರು: ಎ.ಸಿ. ಹಾಕಿದರೆ ಕೊಳೆತ ಮೊಟ್ಟೆಯ ವಾಸನೆ. "ಖಾಡಿದೇ ವಾಸನೆ, ಏನೂ ಮಾಡೋಕಾಗಲ್ಲ ಬಿಡು" ಎಂದು ಅವನೇ ತೀರ್ಪು ಕೊಟ್ಟಿದ್ದ. ಕೆಸರಿನಿಂದ ಆ ವಾಸನೆ ಬರುವುದು ನಿಜ, ಕೊಳೆಯುವ ಎಲೆಗಳಿಂದ ಹೈಡ್ರೋಜನ್ ಸಲ್ಫೈಡ್ ಏಳುತ್ತದೆ. ಆದರೆ ಸ್ಪ್ಲಿಟ್ ಎ.ಸಿ. ಹೊರಗಿನ ಗಾಳಿ ಎಳೆಯುವುದೇ ಇಲ್ಲ. ಒಳಗಿನ ಗಾಳಿಯನ್ನೇ ತಿರುತಿರುಗಿ ತಣಿಸುತ್ತದೆ. ಬಹಳ ಜನರಿಗೆ ಇದು ಗೊತ್ತಿಲ್ಲ, ನನಗೂ ಆ ದಿನವೇ ತಲೆಗೆ ಹೋದದ್ದು.

ಹುಡುಗ ಎ.ಸಿ.ಯನ್ನು ಮುಟ್ಟಲೇ ಇಲ್ಲ. ನೀರಿನ ಪೈಪು ಎಲ್ಲಿಗೆ ಹೋಗಿದೆ ಎಂದು ಹಿಂಬಾಲಿಸಿದ. ಅದನ್ನು ಬಾತ್‌ರೂಮಿನ ಗಲೀಜು ನೀರಿನ ಪೈಪಿಗೆ ನೇರವಾಗಿ ತೂರಿಸಿದ್ದರು. ಸಿಂಕಿನ ಕೆಳಗೆ ಪೈಪು ಬಾಗಿ ಅಲ್ಲಿ ಸ್ವಲ್ಪ ನೀರು ನಿಂತಿರುತ್ತದಲ್ಲ, ಆ ನೀರು ಗಟಾರದ ಅನಿಲ ಮೇಲೆ ಬರದ ಹಾಗೆ ತಡೆಯುತ್ತದೆ. ಇಲ್ಲಿ ಆ ಬಾಗು ಇರಲಿಲ್ಲ. ಗಟಾರದ ಅನಿಲ ಸೀದಾ ಎ.ಸಿ.ಯ ಟ್ರೇಗೆ ಬಂದು, ಫ್ಯಾನಿನ ಗಾಳಿಯ ಜೊತೆ ಮಂಚದ ಮೇಲೆ ಬೀಳುತ್ತಿತ್ತು. ಒಂದು ವರ್ಷ ಪಾಪ ಆ ಹಕ್ಕಿಗಳ ಮೇಲೆ ಆರೋಪ! ಪೈಪು ಬಿಚ್ಚಿ ಬಾಲ್ಕನಿಗೆ ತಿರುಗಿಸಿದ. ಕಾಯಿಲಿನ ತಾಮ್ರ ಮಾತ್ರ ಆಗಲೇ ಕಪ್ಪಾಗಿತ್ತು. ಅದನ್ನು ಗುರುತಿಸಲು ನನಗೆ ಯಾರೂ ಹೇಳಬೇಕಾಗಿರಲಿಲ್ಲ.

ಬಾಲ್ಕನಿಯ ಔಟ್‌ಡೋರಿನ ಹಿಂಬದಿಯ ಅಲ್ಯೂಮಿನಿಯಂ ಎಲೆಗಳನ್ನು ಹುಡುಗ ಬೆರಳಿನಿಂದ ಒತ್ತಿದರೆ ಪುಡಿಪುಡಿಯಾಗಿ ಉದುರಿದವು. ಉಪ್ಪುಗಾಳಿ. "ಇದು ಇನ್ನ ಎರಡ ಬ್ಯಾಸಗಿ ಬರಂಗಿಲ್ರಿ, ಹೊಸದು ತರೂದಿದ್ರ ಕಾಯಿಲಿಗಿ ಲೇಪ ಇದ್ದದ್ದು ನೋಡಿ ತರ್ರಿ" ಅಂದ. ಮೂರು ತಿಂಗಳಿಗೊಮ್ಮೆ ಸಿಹಿನೀರಿನಿಂದ ತೊಳೆದಿದ್ದರೆ ಇನ್ನಷ್ಟು ವರ್ಷ ಬರುತ್ತಿತ್ತಂತೆ. ಸಹೋದ್ಯೋಗಿ ಎ.ಸಿ. ಅಷ್ಟೇನೂ ಬೇಕಾಗಿಲ್ಲ, ಅಭ್ಯಾಸ ಅಷ್ಟೇ ಎಂದ. ನಾನು ವಾದ ಮಾಡಲಿಲ್ಲ. ಇದೇ ನವಿಮುಂಬಯಿಯ ಖಾರ್ಘರಿನಲ್ಲಿ 2023ರ ಏಪ್ರಿಲ್ 16ರಂದು ಬಯಲಿನಲ್ಲಿ ನಡೆದ ಸರ್ಕಾರಿ ಪ್ರಶಸ್ತಿ ಸಮಾರಂಭದಲ್ಲಿ ಗಂಟೆಗಟ್ಟಲೆ ಬಿಸಿಲಿಗೆ ಕುಳಿತವರಲ್ಲಿ 14 ಮಂದಿ ಸತ್ತರು. ಈ ತೇವದಲ್ಲಿ ಬೆವರು ಆರುವುದಿಲ್ಲ, ಬೆವರು ಆರದಿದ್ದರೆ ಮೈ ತಣಿಯುವುದಿಲ್ಲ. ಅಮ್ಮನಂಥವರಿಗೆ ಅಷ್ಟು ಬಿಸಿಲೂ ಬೇಕಾಗಿಲ್ಲ.

ವಿಟಾವಾದ ರೈಲ್ವೆ ಸೇತುವೆಯ ಅಡಿಯಲ್ಲಿ ನುಸುಳಿ, ಕಳವಾ ಸೇತುವೆ ದಾಟಿ ಥಾಣೆಗೆ ಬಂದಾಗ ಮೂರು ಗಂಟೆ. ಬಾವನ ಮನೆ ಘೋಡ್‌ಬಂದರ್ ರಸ್ತೆಯ ಟವರಿನಲ್ಲಿ, ಹದಿನಾಲ್ಕನೇ ಮಹಡಿ. ಒಂದು ಕಡೆ ಯೆವೂರಿನ ಗುಡ್ಡ, ಒಂದು ಕಡೆ ಖಾಡಿ, ನಮ್ಮ ಕುಟುಂಬದಲ್ಲಿ ಎಲ್ಲರಿಗಿಂತ ಒಳ್ಳೆಯ ಮನೆ ಅವರದ್ದು. ಎ.ಸಿ. ಮಧ್ಯಾಹ್ನ ಎರಡರಿಂದ ಐದರವರೆಗೆ ಟ್ರಿಪ್ ಆಗುತ್ತದೆ, ರಾತ್ರಿ ಮಾತ್ರ ಸರಿಯಾಗಿ ಓಡುತ್ತದೆ. ಕಂಪೆನಿಯವರು ಬಂದು ಕಂಪ್ರೆಸರ್ ಬದಲಿಸಬೇಕು, 18 ಸಾವಿರ ಎಂದು ಬರೆದುಕೊಟ್ಟಿದ್ದರು.

ಬಿಲ್ಡರು ಎ.ಸಿ.ಗಳಿಗೆಂದು ಕಟ್ಟಡದ ಒಂದು ಮೂಲೆಯಲ್ಲಿ ಇಕ್ಕಟ್ಟಾದ ಡಕ್ಟು ಬಿಟ್ಟಿದ್ದಾನೆ. ಚೆಂದ ಕಾಣಲೆಂದು ಅದಕ್ಕೆ ಮುಂದೆ ಪಟ್ಟಿಗಳ ಮರೆ. ಒಂದರ ಮೇಲೊಂದು ಇಪ್ಪತ್ತು ಮಹಡಿಯ ಔಟ್‌ಡೋರುಗಳು ಅದರೊಳಗೆ. ಕೆಳಗಿನವರ ಬಿಸಿ ಮೇಲಿನವರಿಗೆ. ಹುಡುಗ ಥರ್ಮಾಮೀಟರಿನ ತಂತಿಯನ್ನು ದಾರಕ್ಕೆ ಕಟ್ಟಿ ಡಕ್ಟಿನೊಳಗೆ ಇಳಿಬಿಟ್ಟ. 49 ತೋರಿಸಿತು. ಹೊರಗೆ 36. ಔಟ್‌ಡೋರಿನ ಕೆಲಸವೇ ಒಳಗಿನ ಬಿಸಿಯನ್ನು ಹೊರಗೆ ಚೆಲ್ಲುವುದು. ಚೆಲ್ಲಲು ಜಾಗವಿಲ್ಲದಿದ್ದರೆ ಒತ್ತಡ ಏರಿ ಅದು ತನ್ನನ್ನು ಉಳಿಸಿಕೊಳ್ಳಲು ನಿಲ್ಲುತ್ತದೆ. ಕಂಪ್ರೆಸರು ಕೆಟ್ಟಿದ್ದರೆ ರಾತ್ರಿಯೂ ಕೆಟ್ಟೇ ಇರಬೇಕಲ್ಲ! ಮೊಬೈಲಿನ ಟಾರ್ಚು ಹಾಕಿದರೆ ಇನ್ನೊಂದು ಕಾರಣವೂ ಕಂಡಿತು. ಪಾರಿವಾಳದ ಗೂಡು, ಹಿಕ್ಕೆ, ಪುಕ್ಕ, ಎಲ್ಲ ಸೇರಿ ಔಟ್‌ಡೋರಿನ ಹಿಂಬದಿಗೆ ಕಂಬಳಿ ಹೊದಿಸಿದ ಹಾಗೆ. ಅದನ್ನು ತೊಳೆದು, ಮರೆಯ ನಾಲ್ಕು ಪಟ್ಟಿ ತೆಗೆದರೆ 18 ಸಾವಿರ ಉಳಿಯುತ್ತದೆ.

"ಹಾಗಾದರೆ ತೊಳಿ" ಅಂದರು ಬಾವ.

ಹುಡುಗ ಕಿಟಕಿಯಿಂದ ಬಗ್ಗಿ ಬಹಳ ಹೊತ್ತು ನೋಡಿದ. "ಇಲ್ರಿ. ಆಂಗಲ್ ಜಂಗ ಹಿಡದಾದ. ಕೆಳಗ ನಿಲ್ಲಾಕ ಏನೂ ಇಲ್ಲ. ಇಬ್ಬರು ಬೇಕು, ಬೆಲ್ಟ್ ಬೇಕು. ಇವತ್ತ ಆಗಂಗಿಲ್ಲ."

"ಎಲ್ರೂ ಹೋಗ್ತಾರಪ್ಪ. ಎರಡು ನಿಮಿಷದ ಕೆಲಸ. ಹಗ್ಗ ಇದೆ, ಮಂಚದ ಕಾಲಿಗೆ ಕಟ್ಟು. ಬೇಕಾದ್ರೆ ಇನ್ನೂರು ಜಾಸ್ತಿ ತಗೋ."

ಬಾವ ಕೆಟ್ಟವರಲ್ಲ. ಊರಿನ ಯಾರದೇ ಆಸ್ಪತ್ರೆ ಖರ್ಚಿಗೆ ಮೊದಲು ಕೈ ಚಾಚುವವರು. ಆ ಮಾತು ಬಂದ ಕ್ಷಣ ನನ್ನ ತಲೆಯಲ್ಲೂ ಇದ್ದದ್ದು, ಇಷ್ಟು ದೂರ ಬಂದಿದ್ದೇವೆ, ಮಾಡಿಬಿಟ್ಟರೆ ಒಳ್ಳೆಯದಿತ್ತು ಎಂಬುದೇ. ಹುಡುಗ ನನ್ನ ಕಡೆ ನೋಡಿದ. ಅಮ್ಮ ಅಂಗಿ ಹಿಡಿದು ನಿಂತದ್ದು ಕಣ್ಣಿಗೆ ಬಂತು. "ಬೇಡ ಬಾವ, ಇವತ್ತು ಬೇಡ" ಅಂದೆ. ಬಾವ ಮಾತಾಡಲಿಲ್ಲ. ಅಕ್ಕ ಚಹಾ ತಂದಳು.

ಚಹಾ ಕುಡಿಯುವಾಗ ಹುಡುಗ ತಾನಾಗಿಯೇ ಹೇಳಿದ. ಜೊತೆಗೆ ಐಟಿಐ ಓದಿದ ಗೆಳೆಯನೊಬ್ಬ ಎರಡು ವರ್ಷದ ಹಿಂದೆ ಘನ್ಸೋಲಿಯಲ್ಲಿ ನಾಲ್ಕನೇ ಮಹಡಿಯಿಂದ ಬಿದ್ದ. ಬದುಕಿದ, ಸೊಂಟ ಹೋಯಿತು. ಎ.ಸಿ. ಯಾರದ್ದು ಎಂದು ಪೊಲೀಸರು ಕೇಳಿದಾಗ ಮನೆಯವರು, ನಾವು ಹೊರಗೆ ಹೋಗಲು ಹೇಳಿರಲಿಲ್ಲ ಎಂದರಂತೆ. "ಹೇಳಿರಂಗಿಲ್ರಿ ಅವರು. ಯಾರೂ ಹೇಳಂಗಿಲ್ಲ. ನಾವೇ ಹೋಗ್ತೀವಿ." ಮಂಚದ ಕಾಲಿನ ಬಗ್ಗೆಯೂ ಹೇಳಿದ. ಮನುಷ್ಯ ಬಿದ್ದ ಜಗ್ಗಿಗೆ ಮಂಚವೇ ಎದ್ದು ಕಿಟಕಿಗೆ ಬರುತ್ತದೆ. ಗ್ರಿಲ್ಲೂ ಕಿತ್ತುಬರುತ್ತದೆ. ಬೆಲ್ಟಿನ ಹಗ್ಗವನ್ನು ಸಿಕ್ಕಿಸಬೇಕಾದ್ದು ಕಾಂಕ್ರೀಟಿನ ತೊಲೆಗೆ ಕೊರೆದು ಕೂರಿಸಿದ ಬೋಲ್ಟಿಗೆ. ಹಗುರ ಇಟ್ಟಿಗೆಯ ಗೋಡೆಗಲ್ಲ.

ಸಂಜೆ ನಾಶಿಕ್ ಹೆದ್ದಾರಿ ಹಿಡಿದು ಮಾಣಕೋಲಿ ಸೇತುವೆಯ ಮೇಲೆ ಡೊಂಬಿವಲಿಗೆ ತಿರುಗಿದೆವು. ಉಲ್ಲಾಸ ನದಿಯ ಮೇಲೆ ಒಳ್ಳೆಯ ಗಾಳಿ ಇತ್ತು, ಜನ ಗಾಡಿ ನಿಲ್ಲಿಸಿ ಫೋಟೋ ತೆಗೆಯುತ್ತಿದ್ದರು. ನಿನ್ನ ಮನೆಯಲ್ಲಿ ಎ.ಸಿ. ಇದೆಯಾ ಎಂದು ಕೇಳಿದೆ. ಇದೆಯಂತೆ. ಮೂರು ಸತ್ತ ವಿಂಡೋ ಎ.ಸಿ.ಗಳಿಂದ ಒಂದು ಮಾಡಿದ್ದಾನೆ. ಅಪ್ಪನಿಗೆ ಅದು ಹಾಕಿದರೆ ಮೊಣಕಾಲು ನೋವು, ಹೊರಗೆ ಓಣಿಯಲ್ಲಿ ಚಾಪೆ ಹಾಸಿ ಮಲಗುತ್ತಾನೆ. "ಅವ್ವ ಮಾತ್ರ ಗೊರಕಿ ಹೊಡಿತಾಳ್ರಿ."

ಮುಂದಿನ ವಾರ ನಾನು ಪೂರ್ತಿ ಮೈಗೆ ಹಾಕುವ ಬೆಲ್ಟೊಂದನ್ನು ತಂದೆ. ನಾನು ಕೊಟ್ಟ ಗ್ಯಾಸಿನ ಒಂದು ಸಲದ ದುಡ್ಡಿಗಿಂತ ಕಡಿಮೆ. ಹುಡುಗ ಮೊದಲು ಬೇಡ ಅಂದ, ಭಾರ ಎಂದ, ಆಮೇಲೆ ಸ್ಕೂಟರಿನ ಡಿಕ್ಕಿಗೆ ಹಾಕಿಕೊಂಡ. ಎಲ್ಲ ಮನೆಯಲ್ಲೂ ಹಾಕುತ್ತಾನೆ ಎಂದು ನಾನು ನಂಬಿಲ್ಲ, ಸಿಕ್ಕಿಸಲು ಬೋಲ್ಟು ಬೇಕಲ್ಲ. ನಮ್ಮ ಮನೆಯ ಕಿಟಕಿಯ ಮೇಲಿನ ತೊಲೆಗೆ ಒಂದನ್ನು ಕೊರೆಸಿದೆ. ಸೊಸೈಟಿಯ ಮೀಟಿಂಗಿನಲ್ಲಿ ಎಲ್ಲ ಫ್ಲ್ಯಾಟುಗಳಿಗೂ ಹಾಕಿಸೋಣ ಎಂದು ಎದ್ದು ಹೇಳಿದೆ. ಸೆಕ್ರೆಟರಿ ಬರೆದುಕೊಂಡರು, ಮುಂದಿನ ವಿಷಯ ಪಾರ್ಕಿಂಗ್ ಆದ್ದರಿಂದ ಅಲ್ಲಿಗೇ ನಿಂತಿತು. ಬಾವನ ಟವರಿನಲ್ಲಿ ಬಣ್ಣ ಬಳಿಯುವವರು ಜೂಲಾ ಕಟ್ಟಿಕೊಂಡು ಬರುವುದಿದೆಯಂತೆ, ಆಗ ಡಕ್ಟನ್ನೂ ತೊಳೆಸುವುದೆಂದು ಮಾತಾಗಿದೆ. ಅಲ್ಲಿಯವರೆಗೆ ಅವರು ಮಧ್ಯಾಹ್ನ ಎರಡರಿಂದ ಐದು ಫ್ಯಾನಿನಲ್ಲಿ ಕಳೆಯುತ್ತಾರೆ, ನನಗೆ ಫೋನು ಮಾಡಿ ಸೆಖೆಯ ವರದಿ ಕೊಡುತ್ತಾರೆ.

ನಮ್ಮ ಬೋಲ್ಟಿಗೆ ಅಮ್ಮ ಕೊಡೆ ನೇತುಹಾಕಿದ್ದಾಳೆ. ಮಳೆಗಾಲ ಮುಗಿದ ಮೇಲೆ ಔಟ್‌ಡೋರು ತೊಳೆಯಲು ಹುಡುಗ ಬರುತ್ತಾನೆ, ಆಗ ತೆಗೆಯುತ್ತೇನೆ ಅಂದಿದ್ದಾಳೆ.